ನೀರಿನ ತೊಟ್ಟಿಯ ಬಳಿ ನಿಂತ ಮಗು ಏನು ಕಲಿಯುತ್ತಿದೆ? ಅಂತರರಾಷ್ಟ್ರೀಯ ಶಾಲೆಗಳ ಎಳೆಯ ಮಕ್ಕಳ ಪಠ್ಯಕ್ರಮ

ಬೆಂಗಳೂರಿನ ಹೊರವಲಯದ ಅಂತರರಾಷ್ಟ್ರೀಯ ಶಾಲೆಯೊಂದಕ್ಕೆ ಮಗುವಿನ ಸೀಟು ವಿಚಾರಿಸಲು ಹೋಗುವ ತಂದೆತಾಯಿಯರ ಕೈಗೆ ಮೊದಲು ಬರುವುದು ಹೊಳಪು ಕಾಗದದ ಒಂದು ಪುಸ್ತಿಕೆ. ಎಲ್‌ಕೆಜಿ, ಯುಕೆಜಿ ಎಂಬ ಪರಿಚಿತ ಪದಗಳು ಅದರಲ್ಲಿ ಇರುವುದಿಲ್ಲ. ಅರ್ಲಿ ಇಯರ್ಸ್, ಫೌಂಡೇಶನ್ ಸ್ಟೇಜ್, ರಿಸೆಪ್ಶನ್, ಪಿವೈಪಿ, ಯೂನಿಟ್ ಆಫ್ ಇನ್‌ಕ್ವೈರಿ ಎಂಬ ಮಾತುಗಳು ಪುಟಪುಟಕ್ಕೂ ಎದುರಾಗುತ್ತವೆ. ಆಮೇಲೆ ತರಗತಿ ತೋರಿಸಲು ಕರೆದೊಯ್ಯುತ್ತಾರೆ. ಅಲ್ಲಿ ಸಾಲು ಬೆಂಚುಗಳಿಲ್ಲ, ಕಾಪಿ ಪುಸ್ತಕಗಳಿಲ್ಲ. ಒಂದು ಮಗು ಮರಳಿನಲ್ಲಿ ಗುಂಡಿ ತೋಡುತ್ತಿದೆ, ಇನ್ನೊಂದು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದೆ, ಮತ್ತೊಂದು ನೀರಿನ ತೊಟ್ಟಿಯ ಬಳಿ ನಿಂತು ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಿದೆ. ಶುಲ್ಕದ ಪಟ್ಟಿ ನೋಡಿದವರಿಗೆ, ಇಷ್ಟು ಹಣ ಕೊಟ್ಟು ನೀರಾಟಕ್ಕೆ ಕಳಿಸಬೇಕೇ ಎಂಬ ಪ್ರಶ್ನೆ ಏಳುವುದು ಸಹಜ.

ಶಾಲೆಯ ಆಯ್ಕೆ ಮನೆಯವರಿಗೆ ಬಿಟ್ಟದ್ದು. ಆದರೆ ಆ ನೀರಾಟದ ಹಿಂದೆ ಬರೆದಿಟ್ಟ ಗುರಿಗಳ ಒಂದು ಪಟ್ಟಿ ಇರುತ್ತದೆ, ಆ ಪಟ್ಟಿಗೆ ಒಂದು ಚರಿತ್ರೆಯೂ ಇದೆ. ಅವೆರಡನ್ನೂ ತಿಳಿದುಕೊಂಡರೆ ಶಾಲೆಯವರ ಎದುರು ಕುಳಿತಾಗ ಯಾವ ಪ್ರಶ್ನೆ ಕೇಳಬೇಕೆಂಬುದು ಗೊತ್ತಾಗುತ್ತದೆ.

ಫಲಕದ ಮೇಲಿನ ಹೆಸರು, ಒಳಗಿನ ಪಠ್ಯಕ್ರಮ

ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಎಂದಿರುವ ಎಲ್ಲ ಶಾಲೆಗಳೂ ಅಂತರರಾಷ್ಟ್ರೀಯ ಪಠ್ಯಕ್ರಮವನ್ನು ಕಲಿಸುವುದಿಲ್ಲ. ಕರ್ನಾಟಕದಲ್ಲಿ ಅಂಥ ಹೆಸರಿನ ಎಷ್ಟೋ ಶಾಲೆಗಳು ಸಿಬಿಎಸ್‌ಇ ಅಥವಾ ಐಸಿಎಸ್‌ಇ ಪಠ್ಯಕ್ರಮವನ್ನೇ ಅನುಸರಿಸುತ್ತವೆ. ಆದ್ದರಿಂದ ಫಲಕವನ್ನು ಬಿಟ್ಟು, ಒಳಗೆ ಯಾವ ಸಂಸ್ಥೆಯ ಪಠ್ಯಕ್ರಮ ನಡೆಯುತ್ತಿದೆ ಎಂಬುದನ್ನು ನೋಡಬೇಕು.

ಇಂಥ ಶಾಲೆಗಳು ಹುಟ್ಟಿದ್ದು ಊರಿಂದೂರಿಗೆ ವರ್ಗವಾಗುವ ನೌಕರರ ಮಕ್ಕಳಿಗಾಗಿ. ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಿಬ್ಬಂದಿಯ ಮಕ್ಕಳಿಗಾಗಿ 1924ರಲ್ಲಿ ಜಿನೀವಾದಲ್ಲಿ ತೆರೆದ ಶಾಲೆ ಈ ಬಗೆಯ ಮೊದಲಿನವುಗಳಲ್ಲಿ ಒಂದು. ಇಂದು ಬೇರೆ ದೇಶದಲ್ಲಿರುವ ಮಗು ನಾಳೆ ತನ್ನ ನಾಡಿನ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಎಲ್ಲ ಕಡೆಯೂ ಒಪ್ಪುವ ಪ್ರಮಾಣಪತ್ರವೊಂದು ಬೇಕಾಯಿತು. ಆ ಅಗತ್ಯದಿಂದ 1968ರಲ್ಲಿ ಜಿನೀವಾದಲ್ಲೇ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್, ಅಂದರೆ ಐಬಿ ಸಂಸ್ಥೆ ಸ್ಥಾಪನೆಯಾಯಿತು. ಅದು ಮೊದಲು ರೂಪಿಸಿದ್ದು ಶಾಲೆಯ ಕೊನೆಯ ಎರಡು ವರ್ಷಗಳ ಡಿಪ್ಲೊಮಾವನ್ನು. ಮಧ್ಯದ ತರಗತಿಗಳ ಕಾರ್ಯಕ್ರಮ ಬಂದದ್ದು 1994ರಲ್ಲಿ, ಎಳೆಯ ಮಕ್ಕಳ ಪ್ರೈಮರಿ ಇಯರ್ಸ್ ಪ್ರೋಗ್ರಾಂ, ಅಂದರೆ ಪಿವೈಪಿ, 1997ರಲ್ಲಿ. ಮಾಳಿಗೆಯನ್ನು ಮೊದಲು ಕಟ್ಟಿ ಅಡಿಪಾಯವನ್ನು ಕೊನೆಗೆ ಹಾಕಿದ ಹಾಗೆ ಕಾಣುವ ಈ ಕ್ರಮಕ್ಕೆ ಕಾರಣ ಇಷ್ಟೆ: ವಿಶ್ವವಿದ್ಯಾಲಯದ ಬಾಗಿಲಲ್ಲಿ ಕೇಳುವುದು ಹನ್ನೆರಡನೆಯ ತರಗತಿಯ ಅಂಕಪಟ್ಟಿಯನ್ನು, ಒಂದನೆಯ ತರಗತಿಯದನ್ನಲ್ಲ.

ಎಳೆಯ ಮಕ್ಕಳ ಮಟ್ಟದಲ್ಲಿ ಕನ್ನಡಿಗರಿಗೆ ಹೆಚ್ಚಾಗಿ ಎದುರಾಗುವುದು ಮೂರು ಚೌಕಟ್ಟುಗಳು: ಇಂಗ್ಲೆಂಡಿನ ಸರ್ಕಾರ ತನ್ನ ದೇಶಕ್ಕೆ ಮಾಡಿಕೊಂಡ ಪಠ್ಯಕ್ರಮ, ಕೇಂಬ್ರಿಡ್ಜ್ ಸಂಸ್ಥೆ ಹೊರದೇಶಗಳಿಗಾಗಿ ಸಿದ್ಧಪಡಿಸಿದ ಪಠ್ಯಕ್ರಮ, ಮತ್ತು ಐಬಿಯ ಪಿವೈಪಿ. ದುಬೈ, ಅಬುಧಾಬಿಗಳಲ್ಲಿ ಮೊದಲನೆಯದರ ಬಳಕೆ ವ್ಯಾಪಕವಾಗಿದ್ದರೆ ಬೆಂಗಳೂರಿನಲ್ಲಿ ಉಳಿದೆರಡರ ಹೆಸರು ಹೆಚ್ಚು ಕೇಳಿಬರುತ್ತದೆ.

ಪಠ್ಯಕ್ರಮಕ್ಕೂ ಪಠ್ಯಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡಬೇಕು. ಮದುವೆ ಮನೆಯವರು ಅಡುಗೆ ಭಟ್ಟರಿಗೆ ಎರಡು ಪಲ್ಯ, ಎರಡು ಕೋಸಂಬರಿ, ಒಂದು ಗೊಜ್ಜು, ಒಂದು ಸಿಹಿ ಇರಲಿ ಎಂದು ಹೇಳುತ್ತಾರೆ. ಬೀನ್ಸ್ ಪಲ್ಯವೋ ಕೋಸಿನ ಪಲ್ಯವೋ ಎಂಬುದನ್ನು ಭಟ್ಟರು ಅಂದಿನ ಮಾರುಕಟ್ಟೆ ನೋಡಿ ತೀರ್ಮಾನಿಸುತ್ತಾರೆ. ಎಲೆಯ ಮೇಲೆ ಏನೇನು ಬಡಿಸಿರಬೇಕು ಎಂಬ ಆ ಮೊದಲ ಮಾತು ಪಠ್ಯಕ್ರಮ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಅಡುಗೆಯೂ ಪುಸ್ತಕದ ರೂಪದಲ್ಲಿ ಸಿದ್ಧವಾಗಿ ಬರುತ್ತದೆ. ಈ ಶಾಲೆಗಳಲ್ಲಿ ಅದನ್ನು ಬಹುಪಾಲು ಶಿಕ್ಷಕರೇ ಮಾಡಬೇಕಾಗುತ್ತದೆ. ಮಗುವಿನ ಚೀಲದಲ್ಲಿ ಪುಸ್ತಕ ಕಾಣದಿರುವುದಕ್ಕೆ ಇದೇ ಕಾರಣ.

'ಇಯರ್ ಒನ್' ಎಂದರೆ ಒಂದನೆಯ ತರಗತಿಯಲ್ಲ

ಹೆಸರುಗಳ ಗೊಂದಲದಿಂದ ಪೋಷಕರು ಒಂದು ವರ್ಷದ ಲೆಕ್ಕವನ್ನೇ ತಪ್ಪುವುದುಂಟು. ಇಂಗ್ಲೆಂಡಿನ ಪದ್ಧತಿಯಲ್ಲಿ ಮೂರು ವರ್ಷ ತುಂಬಿದ ಮಗು ನರ್ಸರಿಗೆ ಸೇರುತ್ತದೆ. ದುಬೈನಲ್ಲಿ ಇದನ್ನು ಎಫ್‌ಎಸ್ (ಫೌಂಡೇಶನ್ ಸ್ಟೇಜ್) 1 ಎನ್ನುತ್ತಾರೆ. ನಾಲ್ಕು ತುಂಬಿದ ಮಗು ರಿಸೆಪ್ಶನ್‌ಗೆ, ಅಂದರೆ ಎಫ್‌ಎಸ್ 2ಕ್ಕೆ. ಐದು ತುಂಬಿದ ಮಗು ಇಯರ್ ಒನ್‌ಗೆ. ನಮ್ಮಲ್ಲಿ ಐದು ತುಂಬಿದ ಮಗು ಯುಕೆಜಿಯಲ್ಲಿರುತ್ತದೆ. ಹಾಗಾಗಿ ಅಲ್ಲಿಯ ಇಯರ್ ಟೂ ನಮ್ಮ ಒಂದನೆಯ ತರಗತಿಗೆ, ಇಯರ್ ಸಿಕ್ಸ್ ನಮ್ಮ ಐದನೆಯ ತರಗತಿಗೆ ಸಮ. ಪಿವೈಪಿ ಶಾಲೆಗಳು ಸಾಮಾನ್ಯವಾಗಿ ಗ್ರೇಡ್ ಎಂಬ ಪದವನ್ನು ಬಳಸುತ್ತವೆ. ಅಲ್ಲಿ ಗ್ರೇಡ್ ಒನ್ ಎಂದರೆ ನಮ್ಮ ಒಂದನೆಯ ತರಗತಿಯ ವಯಸ್ಸೇ.

ದುಬೈನಲ್ಲಿ ಇಯರ್ ಒನ್ ಮುಗಿಸಿಕೊಂಡು ಮಂಗಳೂರಿಗೆ ಮರಳಿದ ಕುಟುಂಬವು ಮಗುವನ್ನು ಎರಡನೆಯ ತರಗತಿಗೆ ಸೇರಿಸಲು ಹೊರಟರೆ ತೊಡಕು ಉಂಟಾಗುವುದು ಇದೇ ಕಾರಣಕ್ಕೆ. ಕರ್ನಾಟಕದಲ್ಲಿ ಒಂದನೆಯ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ರಿಂದ ಜಾರಿಗೆ ತರಲು ಸರ್ಕಾರ ನಿರ್ಧರಿಸಿ, ಪೋಷಕರ ಒತ್ತಾಯದ ಮೇರೆಗೆ ಆ ಒಂದು ವರ್ಷದ ಮಟ್ಟಿಗೆ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಇಂಗ್ಲೆಂಡಿನ ಪದ್ಧತಿಯಲ್ಲಿ ವಯಸ್ಸಿನ ಲೆಕ್ಕ ಹಿಡಿಯುವುದು ಆಗಸ್ಟ್ 31ಕ್ಕೆ. ಜೂನ್‌ನಿಂದ ಆಗಸ್ಟ್ ನಡುವೆ ಹುಟ್ಟಿದ ಮಕ್ಕಳ ತಂದೆತಾಯಿಯರು ಈ ಎರಡು ದಿನಾಂಕಗಳನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಐದು ವರ್ಷದೊಳಗೆ: ಏಳು ಕ್ಷೇತ್ರಗಳು

ಇಂಗ್ಲೆಂಡಿನ ಶಿಶು ಪಠ್ಯಕ್ರಮದ ಪೂರ್ಣ ಹೆಸರು ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್, ಸಂಕ್ಷೇಪವಾಗಿ ಇವೈಎಫ್‌ಎಸ್. 2006ರ ಶಿಶುಪಾಲನಾ ಕಾಯ್ದೆಯ ಆಧಾರದ ಮೇಲೆ ರೂಪುಗೊಂಡು 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಇದು ಹುಟ್ಟಿದಂದಿನಿಂದ ಐದು ವರ್ಷ ತುಂಬುವ ಶಾಲಾ ವರ್ಷದ ಕೊನೆಯವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ ಇದು ಕಾನೂನು. ಹೊರದೇಶದ ಶಾಲೆಗಳು ತಾವಾಗಿ ಇದನ್ನು ಆರಿಸಿಕೊಂಡಿವೆ.

ಇದರಲ್ಲಿ ಏಳು ಕ್ಷೇತ್ರಗಳಿವೆ. ಮಾತು ಮತ್ತು ಭಾಷೆ, ದೈಹಿಕ ಬೆಳವಣಿಗೆ, ತನ್ನ ಭಾವನೆಗಳನ್ನು ಅರಿತು ಇತರರೊಡನೆ ಬೆರೆಯುವುದು ಎಂಬ ಮೂರನ್ನು ಮೂಲ ಕ್ಷೇತ್ರಗಳೆಂದು ಕರೆಯುತ್ತಾರೆ. ಓದುಬರಹ, ಗಣಿತ, ಸುತ್ತಲಿನ ಜಗತ್ತಿನ ತಿಳಿವಳಿಕೆ, ಕಲೆ ಎಂಬ ನಾಲ್ಕು ಅವುಗಳ ಮೇಲೆ ನಿಲ್ಲುವ ವಿಶೇಷ ಕ್ಷೇತ್ರಗಳು. ಈ ಜೋಡಣೆಯಲ್ಲಿ ಓದುಬರಹ ಮೊದಲ ಸಾಲಿನಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಮಾತು ಬೆಳೆಯದ ಮಗುವಿಗೆ ಓದಿದ್ದು ಅರ್ಥವಾಗದು, ಬೆರಳು ಬಲಿಯದ ಮಗುವಿಗೆ ಪೆನ್ಸಿಲ್ ಹಿಡಿತ ಬಾರದು, ತನ್ನ ಸರದಿಗೆ ಕಾಯಲಾರದ ಮಗು ಗುಂಪಿನಲ್ಲಿ ಕುಳಿತು ಕಲಿಯಲಾರದು ಎಂಬ ತರ್ಕ ಇದರ ಹಿಂದಿದೆ.

ಈಗ ನೀರಿನ ತೊಟ್ಟಿಯ ಬಳಿಗೆ ಹಿಂತಿರುಗೋಣ. ಆ ಮಗು ಅಲ್ಲಿ ಕಳೆಯುವ ಹತ್ತು ನಿಮಿಷಗಳಲ್ಲಿ ಏನೇನು ನಡೆಯುತ್ತದೆ? ಎತ್ತರದ ಲೋಟದ ನೀರನ್ನು ಅಗಲದ ಬಟ್ಟಲಿಗೆ ಸುರಿದು, ನೀರು ಕಡಿಮೆಯಾದಂತೆ ಕಂಡು, ಮತ್ತೆ ಲೋಟಕ್ಕೇ ಸುರಿದು ನೋಡುತ್ತದೆ. ಇದು ಗಣಿತದ ಅಳತೆ. ಬೆಂಡು ತೇಲಿ ಕಲ್ಲು ಮುಳುಗುವುದನ್ನು ಕಾಣುತ್ತದೆ; ಇದು ಜಗತ್ತಿನ ತಿಳಿವಳಿಕೆ. ಸ್ಪಂಜನ್ನು ಹಿಂಡುವಾಗ ಅಂಗೈಯ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಆಲಿಕೆ (ಫನಲ್) ಒಂದೇ ಇರುವುದರಿಂದ ಪಕ್ಕದ ಮಗುವಿನಿಂದ ಅದನ್ನು ಕೇಳಿ ಪಡೆಯಬೇಕು, ಸಿಗುವವರೆಗೆ ಕಾಯಬೇಕು. 'ತುಂಬಿತು', 'ಚೆಲ್ಲಿತು', 'ಇನ್ನೂ ಹಿಡಿಸುತ್ತದೆ' ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಆಲಿಕೆಯನ್ನು ಒಂದೇ ಇಟ್ಟದ್ದು ಕೂಡ ಎಷ್ಟೋ ಸಲ ಶಿಕ್ಷಕಿಯ ಯೋಜನೆಯ ಭಾಗವೇ ಆಗಿರುತ್ತದೆ.

ಶಿಕ್ಷಕಿಯ ಕೆಲಸ ಇಲ್ಲಿ ಸುಮ್ಮನೆ ನೋಡುತ್ತ ನಿಲ್ಲುವುದಲ್ಲ. "ಈ ಬಟ್ಟಲು ತುಂಬಲು ಇನ್ನೆಷ್ಟು ಲೋಟ ಬೇಕಾಗಬಹುದು?" ಎಂದು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ತಾನೇ ಹೇಳದೆ ಹಿಂದೆ ಸರಿಯುತ್ತಾಳೆ. ಶಿಕ್ಷಣಶಾಸ್ತ್ರದಲ್ಲಿ ಇದನ್ನು ಸ್ಕ್ಯಾಫೋಲ್ಡಿಂಗ್ ಎನ್ನುತ್ತಾರೆ. ನಮ್ಮ ಗಾರೆ ಕೆಲಸದವರ ಮಾತಿನಲ್ಲಿ ಹೇಳುವುದಾದರೆ ಅದು ಸಾರುವೆ. ಗೋಡೆ ಏಳುವಾಗ ಕಟ್ಟಿ, ಗೋಡೆ ಗಟ್ಟಿಯಾದ ಮೇಲೆ ಬಿಚ್ಚಿಬಿಡುವ ಆಸರೆ. ಎಷ್ಟು ಹೊತ್ತಿಗೆ ಬಿಚ್ಚಬೇಕೆಂಬುದನ್ನು ತಿಳಿದಿರುವುದೇ ಈ ವೃತ್ತಿಯ ಕಸುಬುಗಾರಿಕೆ, ಮತ್ತು ಒಳ್ಳೆಯ ತರಗತಿಗೂ ಬರಿಯ ಆಟದ ಕೋಣೆಗೂ ಇರುವ ವ್ಯತ್ಯಾಸ ಬಹುತೇಕ ಇಷ್ಟೇ.

ಮೂರು ವರ್ಷದ ಮಗುವಿನಿಂದ ಏಕೆ ಬರೆಸುವುದಿಲ್ಲ ಎಂಬ ಪ್ರಶ್ನೆಗೆ ಮಣಿಕಟ್ಟಿನಲ್ಲಿ ಉತ್ತರವಿದೆ. ಅಲ್ಲಿರುವ ಎಂಟು ಪುಟ್ಟ ಮೂಳೆಗಳಲ್ಲಿ ಹೆಚ್ಚಿನವು ಆ ವಯಸ್ಸಿನಲ್ಲಿ ಇನ್ನೂ ಮೃದ್ವಸ್ಥಿಯ ಹಂತದಲ್ಲಿಯೇ ಇರುತ್ತವೆ. ಹಿಟ್ಟಿನಂಥ ಜೇಡಿಯನ್ನು ನಾದುವುದು, ಮಣಿ ಪೋಣಿಸುವುದು, ಚಿಮಟದಿಂದ ಕಾಳು ಎತ್ತುವುದು ಮೊದಲು ಬರುತ್ತವೆ, ಪೆನ್ಸಿಲ್ ಆಮೇಲೆ. ಅಜ್ಜಿಯ ಪಕ್ಕ ಕುಳಿತು ಚಪಾತಿ ಹಿಟ್ಟು ನಾದಿದ, ಅವರೆಕಾಯಿ ಸುಲಿದ ಮಕ್ಕಳಿಗೆ ಈ ಅಭ್ಯಾಸ ಯಾವ ಪಠ್ಯಕ್ರಮದ ಹಂಗೂ ಇಲ್ಲದೆ ದೊರೆಯುತ್ತಿತ್ತು.

ಹಾಗೆಂದು ದಿನವಿಡೀ ಮಗುವಿನ ಇಚ್ಛೆಗೆ ಬಿಟ್ಟಿರುತ್ತಾರೆಂದು ತಿಳಿಯಬೇಕಿಲ್ಲ. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಕಥೆ, ಅಕ್ಷರ, ಎಣಿಕೆ ಹೇಳಿಕೊಡುವ ಚಿಕ್ಕ ಅವಧಿಗಳು ದಿನದಲ್ಲಿ ಇದ್ದೇ ಇರುತ್ತವೆ. ರಿಸೆಪ್ಶನ್ ವರ್ಷಕ್ಕೆ ಬರುವಷ್ಟರಲ್ಲಿ ಇಂಥ ನೇರ ಬೋಧನೆ ಹೆಚ್ಚಬೇಕೆಂದು ಪಠ್ಯಕ್ರಮವೇ ಹೇಳುತ್ತದೆ.

ಅಕ್ಷರದ ಹೆಸರಲ್ಲ, ಅಕ್ಷರದ ಸದ್ದು

ಕನ್ನಡ ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಪಾಠವೆಂದರೆ ಫೋನಿಕ್ಸ್. ಮಗು ಎ, ಬಿ, ಸಿ ಎಂದು ಕ್ರಮವಾಗಿ ಹೇಳುವುದನ್ನು ಬಿಟ್ಟು 'ಸ್ಸ್', 'ಆ್ಯ', 'ಟ್', 'ಪ್' ಎಂದು ಸದ್ದು ಮಾಡುತ್ತ ಮನೆಗೆ ಬರುತ್ತದೆ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಹಲವು ಫೋನಿಕ್ಸ್ ಪಾಠಕ್ರಮಗಳು ಆರಂಭವಾಗುತ್ತವೆ. ಈ ಆರರಿಂದಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿನ್ ಮುಂತಾದ ಪದಗಳನ್ನು ಕಟ್ಟಬಹುದು ಎಂಬುದು ಈ ಆಯ್ಕೆಗೆ ಕಾರಣ.

ಕನ್ನಡದಲ್ಲಿ 'ಕ' ಎಂಬ ಅಕ್ಷರದ ಹೆಸರೂ ಸದ್ದೂ ಒಂದೇ. ಬರೆದಂತೆ ಓದಿದರೆ ಬಹುಮಟ್ಟಿಗೆ ಸಾಕು. ಇಂಗ್ಲಿಷಿನಲ್ಲಿ ಅಕ್ಷರಗಳು 26, ಸದ್ದುಗಳು ಸುಮಾರು 44. ಅಕ್ಷರದ ಹೆಸರೊಂದು, ಪದದೊಳಗೆ ಅದು ಮಾಡುವ ಸದ್ದು ಇನ್ನೊಂದು. ನಾವು ಶಾಲೆಯಲ್ಲಿ 'ಬಿ ಎ ಟಿ ಬ್ಯಾಟ್' ಎಂದು ಕಲಿತೆವು. ಆದರೆ ಬಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ 'ಬಿಎಟಿ' ಆಗುತ್ತದೆಯೇ ಹೊರತು 'ಬ್ಯಾಟ್' ಆಗುವುದಿಲ್ಲ. ನಾವು ಕಲಿತದ್ದು ಬಾಯಿಪಾಠದಿಂದ. 'ಬ್', 'ಆ್ಯ', 'ಟ್' ಎಂಬ ಸದ್ದುಗಳನ್ನು ಬೆಸೆದರೆ ಪದ ತಾನಾಗಿಯೇ ಕೇಳಿಸುತ್ತದೆ. ಈ ಬೆಸುಗೆಗೆ ಬ್ಲೆಂಡಿಂಗ್ ಎಂದು ಹೆಸರು. ಪದವನ್ನು ಕೇಳಿ ಸದ್ದುಗಳಾಗಿ ಬಿಡಿಸುವುದು ಸೆಗ್ಮೆಂಟಿಂಗ್. ಕ್ ಜೊತೆ ಆ ಸೇರಿ ಕಾ ಆಗುವ ನಮ್ಮ ಕಾಗುಣಿತ ಬ್ಲೆಂಡಿಂಗ್‌ನ ಹತ್ತಿರದ ನೆಂಟ.

ಮನೆಯಲ್ಲಿ ಹೇಳಿಕೊಡುವವರು ಒಂದು ಕಡೆ ಎಚ್ಚರ ವಹಿಸಬೇಕು. ಕನ್ನಡದ ವ್ಯಂಜನದೊಳಗೆ 'ಅ'ಕಾರ ಅಡಗಿರುವುದರಿಂದ ನಮ್ಮ ನಾಲಗೆ ಬಿ ಅಕ್ಷರಕ್ಕೆ 'ಬ' ಎಂದೂ ಟಿ ಅಕ್ಷರಕ್ಕೆ 'ಟ' ಎಂದೂ ಹೇಳಿಬಿಡುತ್ತದೆ. 'ಬ-ಆ್ಯ-ಟ' ಎಂದು ಬೆಸೆದ ಮಗುವಿಗೆ 'ಬ್ಯಾಟ್' ಸಿಗದೆ 'ಬ್ಯಾಟ' ಎಂಬ ಇಲ್ಲದ ಪದ ಸಿಗುತ್ತದೆ. ಅರ್ಧಾಕ್ಷರದಂತೆ ಗಿಡ್ಡವಾಗಿ 'ಬ್', 'ಟ್' ಎನ್ನಬೇಕು. ಇದನ್ನು ಇಂಗ್ಲಿಷ್ ಮಾತಿನವರಿಗೆ ವಿವರಿಸಲು ಶಾಲೆಗಳು ಪಾಡುಪಡುತ್ತವೆ. ಕನ್ನಡ ಬಲ್ಲವರಿಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು.

ಇಂಗ್ಲೆಂಡಿನಲ್ಲಿ ಓದು ಕಲಿಸುವ ಬಗೆಯನ್ನು ಕುರಿತ 2006ರ ರೋಸ್ ವರದಿಯ ಶಿಫಾರಸಿನ ಬಳಿಕ ಈ ವಿಧಾನ ಮುಖ್ಯವಾಯಿತು. 2012ರಿಂದ ಅಲ್ಲಿ ಇಯರ್ ಒನ್ ಮಕ್ಕಳಿಗೆ 40 ಪದಗಳನ್ನು ಓದಿಸುವ ಒಂದು ಪರಿಶೀಲನೆ ನಡೆಯುತ್ತದೆ. ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇರುವುದಿಲ್ಲ. ನಿಜವಾದ ಪದವನ್ನು ಮಗು ನೆನಪಿನಿಂದ ಗುರುತಿಸಿಬಿಡಬಹುದು. ಎಂದೂ ನೋಡದ, ಇಲ್ಲದ ಪದವನ್ನು ಓದಬೇಕಾದರೆ ಸದ್ದುಗಳನ್ನು ಬೆಸೆಯಲೇಬೇಕು. ಹೊರದೇಶದ ಶಾಲೆಗಳಿಗೆ ಈ ಪರಿಶೀಲನೆ ಕಡ್ಡಾಯವಲ್ಲ. ಪಿವೈಪಿಯು ಓದು ಕಲಿಸಲು ಇಂಥದೇ ವಿಧಾನ ಎಂದು ಕಟ್ಟುಪಾಡು ಹಾಕುವುದಿಲ್ಲವಾದ್ದರಿಂದ ಆ ಶಾಲೆಗಳಲ್ಲಿ ಯಾವುದನ್ನು ಬಳಸುತ್ತಾರೆಂದು ಕೇಳಿ ತಿಳಿಯಬೇಕು.

ಮಗು ಸ್ಕೂಲ್ ಎಂಬ ಪದವನ್ನು ಎಸ್, ಕೆ, ಯು, ಎಲ್ ಎಂದು ಬರೆದುಕೊಂಡು ಬಂದಾಗ ಶಿಕ್ಷಕಿ ಕೆಂಪು ಗೆರೆ ಎಳೆಯದಿರುವುದು ನಿರ್ಲಕ್ಷ್ಯದಿಂದಲ್ಲ. ಕೇಳಿಸಿದ ಪ್ರತಿಯೊಂದು ಸದ್ದಿಗೂ ಮಗು ಒಂದು ಅಕ್ಷರವನ್ನು ಹುಡುಕಿದೆ ಎಂಬುದು ಆ ಹಂತದ ಸಾಧನೆ. ಸರಿಯಾದ ಸ್ಪೆಲಿಂಗ್ ಇಯರ್ ಒನ್, ಇಯರ್ ಟೂಗಳಲ್ಲಿ ಬರುತ್ತದೆ, ಅಲ್ಲಿ ವಾರವಾರದ ಪದಪಟ್ಟಿಗಳೂ ಇರುತ್ತವೆ.

ನೂರರವರೆಗೆ ಬರೆಯುವುದೋ, ಹತ್ತನ್ನು ಅರಿಯುವುದೋ

ಪಕ್ಕದ ಮನೆಯ ಮಗು ನೂರರವರೆಗೆ ಬರೆಯುತ್ತಿರುವಾಗ ನಮ್ಮ ಮಗು ಇನ್ನೂ ಹತ್ತರಲ್ಲೇ ಇದೆ ಎಂಬ ಆತಂಕ ಪೋಷಕರ ಸಭೆಗಳಲ್ಲಿ ಪದೇಪದೇ ಕೇಳಿಬರುತ್ತದೆ. 2021ರಲ್ಲಿ ಪರಿಷ್ಕೃತವಾದ ಇವೈಎಫ್‌ಎಸ್, ರಿಸೆಪ್ಶನ್ ವರ್ಷದ ಕೊನೆಗೆ ಮಗು ಇಪ್ಪತ್ತನ್ನು ದಾಟಿ ಎಣಿಸಬೇಕೆಂದು ಹೇಳುತ್ತದೆ. ಆದರೆ ಆಳವಾಗಿ ಅರಿಯಬೇಕಾದದ್ದು ಹತ್ತರವರೆಗಿನ ಸಂಖ್ಯೆಗಳನ್ನು.

ಆಳ ಎಂದರೇನು ಎಂಬುದನ್ನು ಚೌಕಾಬಾರದಿಂದ ತಿಳಿಯಬಹುದು. ನಾಲ್ಕು ಕವಡೆ ಎಸೆದಾಗ ಯಾರೂ ಒಂದು, ಎರಡು ಎಂದು ಎಣಿಸುತ್ತ ಕೂರುವುದಿಲ್ಲ. ಕಂಡೊಡನೆ 'ಮೂರು' ಎನ್ನುತ್ತಾರೆ. ಎಣಿಸದೆಯೇ ಎಷ್ಟೆಂದು ಗುರುತಿಸುವ ಈ ಶಕ್ತಿಗೆ ಗಣಿತ ಶಿಕ್ಷಣದಲ್ಲಿ ಸಬಿಟೈಸಿಂಗ್ ಎಂಬ ಹೆಸರಿದೆ, ಐದರವರೆಗೆ ಇದು ಬರಬೇಕೆಂಬುದು ಪಠ್ಯಕ್ರಮದ ಗುರಿಗಳಲ್ಲೊಂದು. ಐದು ಎಂದರೆ ಎರಡು ಮತ್ತು ಮೂರು, ನಾಲ್ಕು ಮತ್ತು ಒಂದು ಎಂದು ಒಡೆದು ಕಾಣುವುದು ಇನ್ನೊಂದು. ಹತ್ತನ್ನು ಹೀಗೆ ಒಡೆಯಬಲ್ಲ ಮಗು ಮುಂದೆ 8ಕ್ಕೆ 5 ಕೂಡಿಸುವಾಗ ಬೆರಳು ಮಡಿಚುವುದಿಲ್ಲ. ಐದರಿಂದ ಎರಡನ್ನು ಎತ್ತಿ ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿ 13 ಎನ್ನುತ್ತದೆ.

ಪ್ರಾಥಮಿಕ ತರಗತಿಗಳ ಗಣಿತವು ವಸ್ತು, ಚಿತ್ರ, ಚಿಹ್ನೆ ಎಂಬ ಮೂರು ಮೆಟ್ಟಿಲುಗಳಲ್ಲಿ ಸಾಗುತ್ತದೆ. ಮೊದಲು ಕೈಯಲ್ಲಿ ಹಿಡಿದ ಗುಂಡುಗಳು, ಆಮೇಲೆ ಕಾಗದದ ಮೇಲಿನ ಚುಕ್ಕೆಗಳು, ಕೊನೆಗೆ ಅಂಕಿಗಳು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರದಿಂದ ಹೊರಟ ಈ ಕ್ರಮವನ್ನು 1980ರ ದಶಕದಲ್ಲಿ ಸಿಂಗಪುರ ತನ್ನ ಶಾಲೆಗಳಲ್ಲಿ ನೆಲೆಗೊಳಿಸಿತು. ಅಲ್ಲಿಂದ ಅದು ಬೇರೆ ದೇಶಗಳಿಗೆ ಹಬ್ಬಿತು.

ಮಗ್ಗಿ ಇಲ್ಲವಾಯಿತೆಂದು ಭಾವಿಸಬೇಕಿಲ್ಲ. ಇಂಗ್ಲೆಂಡಿನಲ್ಲಿ ಇಯರ್ ಫೋರ್ ಮಕ್ಕಳಿಗೆ ಹನ್ನೆರಡರ ಮಗ್ಗಿಯವರೆಗೆ 25 ಪ್ರಶ್ನೆಗಳ ಪರಿಶೀಲನೆ ಇದೆ, ಪ್ರತಿ ಉತ್ತರಕ್ಕೂ ಸಿಗುವುದು ಆರೇ ಸೆಕೆಂಡು. ನಮ್ಮ ಇಪ್ಪತ್ತರ ಮಗ್ಗಿಯ ಮುಂದೆ ಅದು ಗಿಡ್ಡದೇ ಸರಿ, ಆದರೆ ಬಾಯಿಪಾಠವಿಲ್ಲದೆ ಆರು ಸೆಕೆಂಡಿನಲ್ಲಿ ಉತ್ತರ ಬರುವುದಿಲ್ಲ.

ಪಿವೈಪಿ: ವಿಷಯಗಳ ನಡುವಿನ ಗೋಡೆ ಕೆಡವಿದ ಶಾಲೆ

ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಇರುವ ಪಿವೈಪಿಯ ದಾರಿ ಬೇರೆ. ವಿಜ್ಞಾನ, ಸಮಾಜ, ಗಣಿತ ಎಂದು ದಿನವನ್ನು ಪೀರಿಯಡ್ಡುಗಳಾಗಿ ಕತ್ತರಿಸುವ ಬದಲು ಅದು ವರ್ಷವನ್ನು ಆರು ದೊಡ್ಡ ವಸ್ತುಗಳಾಗಿ ಹಂಚುತ್ತದೆ: ನಾವು ಯಾರು, ಕಾಲ ಮತ್ತು ಸ್ಥಳಗಳಲ್ಲಿ ನಾವೆಲ್ಲಿದ್ದೇವೆ, ನಮ್ಮ ಮನಸ್ಸನ್ನು ಹೇಗೆ ವ್ಯಕ್ತಪಡಿಸುತ್ತೇವೆ, ಜಗತ್ತು ಹೇಗೆ ನಡೆಯುತ್ತದೆ, ನಮ್ಮ ಬದುಕನ್ನು ಹೇಗೆ ವ್ಯವಸ್ಥೆಗೊಳಿಸಿಕೊಳ್ಳುತ್ತೇವೆ, ಭೂಮಿಯನ್ನು ಹೇಗೆ ಹಂಚಿಕೊಳ್ಳುತ್ತೇವೆ. ಪ್ರತಿಯೊಂದರ ಕೆಳಗೆ ಕೆಲವು ವಾರ ನಡೆಯುವ ಒಂದು ಪಾಠಗುಚ್ಛವಿರುತ್ತದೆ, ಅದೇ ಯೂನಿಟ್ ಆಫ್ ಇನ್‌ಕ್ವೈರಿ. ತೀರ ಎಳೆಯ ಮಕ್ಕಳಿಗೆ ವರ್ಷಕ್ಕೆ ನಾಲ್ಕಾದರೂ ಇರಬೇಕು, ದೊಡ್ಡವರಿಗೆ ಆರು.

ಪ್ರತಿ ವರ್ಷವೂ ಅವೇ ಆರು ವಸ್ತುಗಳು ಬಂದರೆ ಬೇಸರವಾಗದೇ ಎಂದು ಕೇಳಬಹುದು. ಸಂಗೀತ ಕಲಿಯುವವರು ಮಾಯಾಮಾಳವಗೌಳದ ಅದೇ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುತ್ತಾರೆ; ಸ್ವರಗಳು ಬದಲಾಗುವುದಿಲ್ಲ, ಕಷ್ಟ ಬದಲಾಗುತ್ತದೆ. 'ನಾವು ಯಾರು' ಎಂಬ ವಸ್ತುವಿನ ಕೆಳಗೆ ನಾಲ್ಕು ವರ್ಷದ ಮಗು ತನ್ನ ಐದು ಇಂದ್ರಿಯಗಳನ್ನು ನೋಡಿದರೆ ಹತ್ತು ವರ್ಷದ ಮಗು ದೇಹದೊಳಗಿನ ಅಂಗವ್ಯೂಹಗಳನ್ನೋ ನಂಬಿಕೆಗಳು ಮನುಷ್ಯನನ್ನು ರೂಪಿಸುವ ಬಗೆಯನ್ನೋ ನೋಡುತ್ತದೆ.

ಒಂದು ಘಟಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೂರನೆಯ ತರಗತಿಗೆ 'ವ್ಯವಸ್ಥೆ'ಯ ವಸ್ತುವಿನ ಕೆಳಗೆ 'ಮಾರುಕಟ್ಟೆಯು ಬೆಳೆಯುವವರನ್ನೂ ಬಳಸುವವರನ್ನೂ ಬೆಸೆಯುತ್ತದೆ' ಎಂಬ ಕೇಂದ್ರ ವಿಚಾರವನ್ನು ಶಿಕ್ಷಕರು ಇಟ್ಟುಕೊಂಡಿದ್ದಾರೆ. ಮಕ್ಕಳನ್ನು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಡಿಗಳಿಗೆ ಕರೆದೊಯ್ಯುತ್ತಾರೆ. ಪಿವೈಪಿಯಲ್ಲಿ ಏಳು ಮೂಲ ಪರಿಕಲ್ಪನೆಗಳಿವೆ, ಅವು ಪ್ರಶ್ನೆಗಳ ರೂಪದಲ್ಲಿ ಬರುತ್ತವೆ. ಇದು ಹೇಗಿದೆ? ಹೇಗೆ ಕೆಲಸ ಮಾಡುತ್ತದೆ? ಹೀಗೇಕೆ ಇದೆ? ಹೇಗೆ ಬದಲಾಗುತ್ತಿದೆ? ಬೇರಾವುದರ ಜೊತೆ ನಂಟು ಹೊಂದಿದೆ? ಬೇರೆಯವರು ಇದನ್ನು ಹೇಗೆ ನೋಡುತ್ತಾರೆ? ನಮ್ಮ ಹೊಣೆ ಏನು? ಮಕ್ಕಳು ಈ ಪ್ರಶ್ನೆಗಳನ್ನು ಹಿಡಿದು ಮಾರುಕಟ್ಟೆಯೊಳಗೆ ತಿರುಗುತ್ತಾರೆ. ಹಬ್ಬದ ಹಿಂದಿನ ದಿನ ಸೇವಂತಿಗೆಯ ಬೆಲೆ ಏಕೆ ಏರುತ್ತದೆ? ಏರಿದ್ದು ಮಾರುವವಳಿಗೆ ಲಾಭವೋ, ಅವಳೂ ಹೆಚ್ಚು ಕೊಟ್ಟೇ ತಂದಳೋ?

ಇಲ್ಲಿಯೇ ಗಣಿತವೂ ಬರುತ್ತದೆ. ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಆದರೆ ಯಾರ ಮೊಳ? ಉದ್ದ ಕೈಯವಳ ಮೊಳಕ್ಕೂ ಗಿಡ್ಡ ಕೈಯವಳ ಮೊಳಕ್ಕೂ ಮಕ್ಕಳು ಟೇಪು ಹಿಡಿದು ವ್ಯತ್ಯಾಸ ನೋಡುತ್ತಾರೆ, ಎಲ್ಲರೂ ಒಪ್ಪುವ ಅಳತೆ ಏಕೆ ಬೇಕಾಯಿತೆಂಬುದು ಪುಸ್ತಕ ತೆರೆಯದೆಯೇ ತಿಳಿಯುತ್ತದೆ. ಮರಳಿ ಬಂದು ಬರೆಯುವ ವರದಿ ಭಾಷೆಯ ಪಾಠ. ಹಾಗಿದ್ದರೂ ಗುಣಾಕಾರ, ಭಾಗಾಕಾರ, ವ್ಯಾಕರಣಗಳೆಲ್ಲವನ್ನೂ ಇಂಥ ಘಟಕಗಳ ಒಳಗೆ ತುರುಕಲಾಗದು. ಆದ್ದರಿಂದ ಗಣಿತಕ್ಕೂ ಭಾಷೆಗೂ ಬೇರೆ ಅವಧಿಗಳು ಇದ್ದೇ ಇರುತ್ತವೆ. ಪುಸ್ತಿಕೆಗಳು ಈ ವಿಷಯವನ್ನು ಅಷ್ಟಾಗಿ ಹೇಳುವುದಿಲ್ಲ.

ಕೇಂಬ್ರಿಡ್ಜ್ ಪ್ರೈಮರಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದು ನಮಗೆ ಪರಿಚಿತವಾದ ಮಾದರಿಗೆ ಹತ್ತಿರವಿದೆ. ಐದರಿಂದ ಹನ್ನೊಂದು ವರ್ಷದವರಿಗೆ ಆರು ಹಂತಗಳು. ಇಂಗ್ಲಿಷ್, ಗಣಿತ, ವಿಜ್ಞಾನ ಮೊದಲಾದ ವಿಷಯಗಳು ಬೇರೆ ಬೇರೆಯಾಗಿಯೇ ಇರುತ್ತವೆ, ಪ್ರತಿ ಹಂತಕ್ಕೂ ಕಲಿಕೆಯ ಗುರಿಗಳನ್ನು ಬರೆದಿರುತ್ತಾರೆ, ಪುಸ್ತಕಗಳೂ ಸಿಗುತ್ತವೆ. ಮೂರರಿಂದ ಆರು ವರ್ಷದವರಿಗಾಗಿ ಅದೇ ಸಂಸ್ಥೆ ಇತ್ತೀಚೆಗೆ ಕೇಂಬ್ರಿಡ್ಜ್ ಅರ್ಲಿ ಇಯರ್ಸ್ ಎಂಬ ಕಾರ್ಯಕ್ರಮವನ್ನೂ ಸೇರಿಸಿದೆ.

ಪರೀಕ್ಷೆ ಇಲ್ಲದಿದ್ದರೆ ಅಳೆಯುವುದು ಹೇಗೆ

ಎಳೆಯ ಮಕ್ಕಳ ತರಗತಿಯಲ್ಲಿ ಅಳತೆಗೋಲು ಅವಲೋಕನ. ಮಗು ಹೇಳಿದ ಮಾತನ್ನು, ಕಟ್ಟಿದ ಗೋಪುರವನ್ನು ಶಿಕ್ಷಕಿ ಟಿಪ್ಪಣಿಯಾಗಿಯೋ ಫೋಟೊ ಆಗಿಯೋ ದಾಖಲಿಸಿ ಯಾವ ಗುರಿಗೆ ಸಂಬಂಧಿಸಿದ್ದೆಂದು ಗುರುತು ಹಾಕುತ್ತಾಳೆ. ಇವೈಎಫ್‌ಎಸ್‌ನ ಕೊನೆಯಲ್ಲಿ 17 ಗುರಿಗಳಿವೆ. ಪ್ರತಿಯೊಂದಕ್ಕೂ ಅಂಕದ ಬದಲು, ನಿರೀಕ್ಷಿತ ಮಟ್ಟ ತಲುಪಿದೆ ಅಥವಾ ಇನ್ನೂ ಮೂಡುತ್ತಿದೆ ಎಂಬ ಎರಡರಲ್ಲಿ ಒಂದು ಮಾತು ಇರುತ್ತದೆ. 'ಇನ್ನೂ ಮೂಡುತ್ತಿದೆ' ಎಂಬುದನ್ನು ನಪಾಸು ಎಂದು ಓದಬಾರದು. ಆಗಸ್ಟಿನಲ್ಲಿ ಹುಟ್ಟಿದ ಮಗು ಸೆಪ್ಟೆಂಬರಿನಲ್ಲಿ ಹುಟ್ಟಿದ ಸಹಪಾಠಿಗಿಂತ ಸುಮಾರು ಒಂದು ವರ್ಷ ಚಿಕ್ಕದು ಎಂಬುದನ್ನು ಮರೆಯಬಾರದು.

ಪಿವೈಪಿಯ ಕೊನೆಯ ವರ್ಷದಲ್ಲಿ ಮಕ್ಕಳು ತಾವೇ ಆರಿಸಿದ ಸಮಸ್ಯೆಯೊಂದನ್ನು ಗುಂಪಾಗಿ ಅಧ್ಯಯನ ಮಾಡಿ ಪೋಷಕರ ಮುಂದೆ ಮಂಡಿಸುತ್ತಾರೆ. ಇದನ್ನು ಎಕ್ಸಿಬಿಷನ್ ಎನ್ನುತ್ತಾರೆ. ಕೇಂಬ್ರಿಡ್ಜ್‌ನಲ್ಲಿ ಆರನೆಯ ಹಂತದ ಕೊನೆಗೆ ಚೆಕ್‌ಪಾಯಿಂಟ್ ಎಂಬ ಲಿಖಿತ ಪರೀಕ್ಷೆ ಇದೆ.

ಕನ್ನಡ ಎಲ್ಲಿ ಬರುತ್ತದೆ

ಮನೆಯಲ್ಲಿ ಇಂಗ್ಲಿಷನ್ನೇ ಆಡಬೇಕೇ ಎಂದು ಕೇಳುವ ಪೋಷಕರಿದ್ದಾರೆ. ಪಠ್ಯಕ್ರಮಗಳು ಹಾಗೆ ಹೇಳುವುದಿಲ್ಲ. ಮನೆಯ ಭಾಷೆ ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಆಟ ಮತ್ತು ಕಲಿಕೆಯಲ್ಲಿ ಆ ಭಾಷೆಯನ್ನು ಬಳಸಿ ಬೆಳೆಸಿಕೊಳ್ಳಲು ಅವಕಾಶ ಕೊಡಬೇಕೆಂದು ಇವೈಎಫ್‌ಎಸ್ ಹೇಳುತ್ತದೆ. ಜೊತೆಗೆ ಇಂಗ್ಲಿಷಿನಲ್ಲೂ ಸಾಕಷ್ಟು ಹಿಡಿತ ಬರುವಂತೆ ನೋಡಿಕೊಳ್ಳಬೇಕೆನ್ನುತ್ತದೆ. ಏಳು ವರ್ಷದಿಂದಾದರೂ ಇನ್ನೊಂದು ಭಾಷೆಯನ್ನು ಕಲಿಸಬೇಕೆಂಬುದು ಪಿವೈಪಿಯ ನಿಯಮ. ಕನ್ನಡದಲ್ಲಿ ಕಥೆ ಕೇಳಿ ಬೆಳೆದ ಮಗುವಿಗೆ ಕಥೆಗೆ ಆರಂಭ, ಅಂತ್ಯ ಇರುತ್ತವೆ ಎಂಬುದು ಆಗಲೇ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಕಲಿಯಬೇಕಿಲ್ಲ, ಪದಗಳನ್ನು ಕಲಿತರೆ ಸಾಕು.

ಕರ್ನಾಟಕದಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ಒಂದನೆಯ ತರಗತಿಯಿಂದ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. 2017-18ರಿಂದ ಇದು ಹಂತಹಂತವಾಗಿ ಜಾರಿಗೆ ಬಂದಿತು, ಇದನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟಿನ ಮೆಟ್ಟಿಲನ್ನೂ ಏರಿವೆ. ಶಾಲೆಯಲ್ಲಿ ವಾರಕ್ಕೆ ಎಷ್ಟು ಕನ್ನಡ ಅವಧಿಗಳಿವೆ, ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಹೊಸದಾಗಿ ಕಲಿಯುವ ಮಗುವಿಗೂ ಬೇರೆ ಗುಂಪುಗಳಿವೆಯೇ ಎಂಬುದನ್ನು ಸೀಟು ಪಡೆಯುವ ಮೊದಲೇ ಕೇಳುವುದು ಒಳ್ಳೆಯದು. ದುಬೈನಲ್ಲಿರುವವರಿಗೆ ಅಲ್ಲಿಯ ಕನ್ನಡಿಗರು ವಾರದ ರಜೆಯಲ್ಲಿ ನಡೆಸುವ ಕನ್ನಡ ಪಾಠಶಾಲೆಯ ನೆರವಿದೆ.

ನಮ್ಮ ಸರ್ಕಾರಿ ಶಾಲೆಗೆ ಇದು ಎಷ್ಟು ದೂರ

ಅಂದುಕೊಂಡಷ್ಟು ದೂರವಿಲ್ಲ. ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿ ಇದೇ ತತ್ವಗಳ ಮೇಲೆ ನಿಂತದ್ದು: ನೆಲದ ಮೇಲೆ ಗುಂಪುಗಳಲ್ಲಿ ಕೂರುವ ಮಕ್ಕಳು, ಕಲಿಕಾ ಏಣಿ, ಕಾರ್ಡುಗಳು, ತನ್ನದೇ ವೇಗದಲ್ಲಿ ಮೆಟ್ಟಿಲೇರುವ ಅವಕಾಶ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಸಿದ್ಧವಾಗಿ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೂ ಮನೆಮಾತನ್ನೂ ಕಲಿಕೆಯ ನಡುವೆ ಇಟ್ಟಿದೆ. ವ್ಯತ್ಯಾಸ ಹೆಚ್ಚಾಗಿ ಕಾಣುವುದು ತತ್ವದಲ್ಲಲ್ಲ, ಒಬ್ಬ ಶಿಕ್ಷಕಿಯ ಎದುರು ಎಷ್ಟು ಮಕ್ಕಳಿದ್ದಾರೆ ಎಂಬಲ್ಲಿ.

ಶಾಲೆಗೆ ಹೋದಾಗ ಕೇಳಬಹುದಾದದ್ದು

ಐಬಿ ಶಾಲೆ ಎಂದು ಹೇಳಿಕೊಳ್ಳುವುದಕ್ಕೂ ಪಿವೈಪಿಗೆ ಮಾನ್ಯತೆ ಪಡೆದಿರುವುದಕ್ಕೂ ವ್ಯತ್ಯಾಸವಿದೆ. ಅರ್ಜಿ ಹಾಕಿದ ಶಾಲೆ ಮೊದಲು 'ಕ್ಯಾಂಡಿಡೇಟ್' ಹಂತದಲ್ಲಿರುತ್ತದೆ. ಪರಿಶೀಲನೆ ಮುಗಿದ ಮೇಲೆ ಮಾನ್ಯತೆ ಸಿಗುತ್ತದೆ. ಐಬಿಯ ಡಿಪ್ಲೊಮಾ ಇರುವ ಶಾಲೆಯಲ್ಲಿ ಪ್ರಾಥಮಿಕ ತರಗತಿಗಳಿಗೆ ಕೇಂಬ್ರಿಡ್ಜ್ ಇರುವುದೂ ಉಂಟು, ಆದ್ದರಿಂದ ಮಗುವಿನ ತರಗತಿಗೆ ಯಾವುದು ಎಂದು ನಿರ್ದಿಷ್ಟವಾಗಿ ಕೇಳಬೇಕು. ಐಬಿ ಸಂಸ್ಥೆಯ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿದರೆ ಯಾವ ಕಾರ್ಯಕ್ರಮಕ್ಕೆ ಮಾನ್ಯತೆ ಇದೆಯೆಂಬುದು ಕಾಣುತ್ತದೆ. ಓದು ಕಲಿಸುವ ವಿಧಾನ ಯಾವುದು, ಸಹಾಯಕಿಯರನ್ನು ಬಿಟ್ಟು ತರಬೇತಿ ಪಡೆದ ಶಿಕ್ಷಕಿಯೊಬ್ಬರಿಗೆ ಎಷ್ಟು ಮಕ್ಕಳು, ನಡುವೆ ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮಕ್ಕೆ ಬದಲಾದ ಮಕ್ಕಳಿಗೆ ಗಣಿತದಲ್ಲಿಯೂ ಕನ್ನಡದಲ್ಲಿಯೂ ಏನು ಕೊರತೆಯಾಯಿತು ಎಂಬ ಪ್ರಶ್ನೆಗಳಿಗೂ ಶಾಲೆಯವರಲ್ಲಿ ಉತ್ತರವಿರಬೇಕು. ಕೊನೆಗೆ, ನೀರಿನ ತೊಟ್ಟಿಯ ಮುಂದೆ ನಿಂತಾಗ ಆ ವಾರದ ಯೋಜನೆಯ ಹಾಳೆಯನ್ನು ತೋರಿಸುವಂತೆ ಕೇಳಬಹುದು. ತೊಟ್ಟಿಯಲ್ಲಿ ಏನೇನು ಇಡಬೇಕು, ಯಾವ ಪದಗಳನ್ನು ಬಳಸಬೇಕು, ಯಾವ ಮಗುವನ್ನು ವಿಶೇಷವಾಗಿ ಗಮನಿಸಬೇಕು ಎಂಬುದನ್ನು ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತಾರೆ.